ಮರಿಗಳ ಮೇಲೆ ಎರಗುವ ಹೇಂಟೆಯನ್ನು ದಾರಿಗೆ ತರುವುದು ಹೇಗೆ?

ಬೆಳೆದ ಕೋಳಿಗಳ ಹಿಂಡಿಗೆ ಮರಿಗಳನ್ನು ಬಿಟ್ಟರೆ ಒಂದಾದರೂ ಹೇಂಟೆ ಕತ್ತಿನ ಪುಕ್ಕ ಕೆದರಿಕೊಂಡು ಓಡಿ ಬಂದೇ ಬರುತ್ತದೆ. ಮರಿಯ ತಲೆಗೆ ಒಂದು ಕುಕ್ಕು ಬೀಳುತ್ತದೆ, ಮರಿ ಕಿರುಚಿಕೊಂಡು ಓಡುತ್ತದೆ. ನೋಡುವವರ ಕರುಳು ಚುರ್ ಅನ್ನುತ್ತದೆ. ಕೋಳಿಗಳ ಲೆಕ್ಕದಲ್ಲಿ ಮಾತ್ರ ಇದು ಮಾಮೂಲಿ ವ್ಯವಹಾರ. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಎನ್ನುವುದೆಲ್ಲ ಹಿಂಡಿನಲ್ಲಿ ಕೊಕ್ಕಿನಿಂದಲೇ ತೀರ್ಮಾನವಾಗುತ್ತದೆ. ಹೊಸಬರು ಬಂದರೆ ಆ ಸರದಿ ಅಲುಗಾಡುತ್ತದೆ. ಎಲ್ಲರಿಗಿಂತ ಮೇಲಿರುವ ಹೇಂಟೆ ಒಮ್ಮೆ ಗದರಿ ಸುಮ್ಮನಾಗಬಹುದು. ಎಷ್ಟೋ ಸಲ ಜಾಸ್ತಿ ಕಾಟ ಕೊಡುವುದು ಸರದಿಯ ಕೊನೆಯಲ್ಲಿರುವ ಹೇಂಟೆ. ಇಷ್ಟು ದಿನ ಎಲ್ಲರಿಂದ ಕುಕ್ಕಿಸಿಕೊಂಡದ್ದಕ್ಕೆ ಈಗ ತನಗಿಂತ ಕೆಳಗೆ ಒಬ್ಬರು ಸಿಕ್ಕಿದ್ದಾರೆ, ಬಿಡುತ್ತದೆಯೇ?

ಮೊದಲು ಕಲಿಯಬೇಕಾದದ್ದು ಗದರಿಕೆ ಯಾವುದು, ದಾಳಿ ಯಾವುದು ಎಂದು ಗುರುತಿಸುವುದನ್ನು. ಹೇಂಟೆ ಒಂದೆರಡು ಸಲ ಕುಕ್ಕಿ, ಮರಿ ದೂರ ಸರಿದ ಮೇಲೆ ತನ್ನ ಪಾಡಿಗೆ ಕೆದಕಲು ಹೋದರೆ ಅದು ಗದರಿಕೆ. ನೀವು ನಡುವೆ ಹೋಗಬೇಡಿ. ಪ್ರತಿ ಸಲ ಬಿಡಿಸಿದರೆ ಸರದಿ ತೀರ್ಮಾನವಾಗುವುದೇ ಇಲ್ಲ, ನಾಳೆ ಜಗಳ ಮತ್ತೆ ಮೊದಲಿಂದ ಶುರುವಾಗುತ್ತದೆ. ಓಡಿದ ಮರಿಯನ್ನು ಹುಡುಕಿಕೊಂಡು ಹೋಗಿ ಹೊಡೆಯುವುದು, ಮೂಲೆಗೆ ತಳ್ಳುವುದು, ಕತ್ತಿನ ಪುಕ್ಕ ಕಚ್ಚಿ ನೆಲಕ್ಕೆ ಒತ್ತುವುದು, ತಲೆಗೇ ಗುರಿಯಿಟ್ಟು ಬಿಡದೆ ಕುಕ್ಕುವುದು, ಇವೆಲ್ಲ ದಾಳಿ. ತಕ್ಷಣ ಬಿಡಿಸಬೇಕು. ಎಳೆ ಮರಿಯ ತಲೆಗೆ ಬಿದ್ದ ಪೆಟ್ಟು ಪ್ರಾಣವನ್ನೇ ತೆಗೆಯಬಹುದು.

ಅವಸರ ಬೇಡ

ಅರ್ಧ ಜಗಳ ಹುಟ್ಟುವುದೇ ಮರಿಗಳನ್ನು ಬೇಗ ಬಿಡುವುದರಿಂದ. ಮರಿಗಳಿಗೆ ಮೈತುಂಬ ಪುಕ್ಕ ಬರಲು ಸುಮಾರು 6 ವಾರ ಬೇಕು. ಅಷ್ಟಾದ ತಕ್ಷಣ ಬಿಡುವವರಿದ್ದಾರೆ. ನನ್ನ ಪ್ರಕಾರ ಅದು ಅವಸರವಾಯಿತು. 8ರಿಂದ 12 ವಾರ ಕಾಯುವುದು ಒಳ್ಳೆಯದು. ವಯಸ್ಸಿಗಿಂತ ಗಾತ್ರ ನೋಡಿ. ದೊಡ್ಡ ಕೋಳಿಯ ಮುಕ್ಕಾಲು ಭಾಗದಷ್ಟು ಬೆಳೆದ ಮರಿ ಓಡಬಲ್ಲದು, ಹಾರಿ ಕೋಲಿನ ಮೇಲೆ ಕೂರಬಲ್ಲದು, ಪೆಟ್ಟು ತಡೆದುಕೊಳ್ಳಬಲ್ಲದು.

ಒಂದೇ ಒಂದು ಮರಿಯನ್ನು ಹಿಂಡಿಗೆ ಬಿಡಲೇಬೇಡಿ. ಕಡಿಮೆಯೆಂದರೂ ಎರಡು ಮೂರು ಜೊತೆಗಿರಲಿ. ಆಗ ಪೆಟ್ಟು ಹಂಚಿಹೋಗುತ್ತದೆ, ಮರಿಗಳಿಗೂ ಧೈರ್ಯ. ಹೊರಗಿನಿಂದ ತಂದ ಮರಿಗಳಾದರೆ ಮೊದಲ 3-4 ವಾರ ಹಿಂಡಿನ ಹತ್ತಿರಕ್ಕೂ ತರಬಾರದು. ಜಗಳವನ್ನು ಹೇಗೋ ನಿಭಾಯಿಸಬಹುದು, ಹಿಂಡಿಗೆಲ್ಲ ರೋಗ ಹಬ್ಬಿದರೆ ಕಷ್ಟ.

ಕಾಣಲಿ, ಮುಟ್ಟದಿರಲಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಕೋಳಿಗಳ ಅಂಗಳದ ಒಳಗೇ ಒಂದು ಭಾಗಕ್ಕೆ ತಂತಿ ಬಲೆ ಕಟ್ಟಿ ಮರಿಗಳನ್ನು ಅಲ್ಲಿಡಿ. ಬಲೆಯ ಕಣ್ಣು ಚಿಕ್ಕದಿರಬೇಕು, ಅರ್ಧ ಇಂಚಿನದಾದರೆ ಒಳ್ಳೆಯದು. ಕಣ್ಣು ದೊಡ್ಡದಿದ್ದರೆ ಮರಿಯ ತಲೆ ಆಚೆ ಹೋಗುತ್ತದೆ, ಇಲ್ಲವೇ ಹೇಂಟೆಯ ಕೊಕ್ಕು ಈಚೆ ಬರುತ್ತದೆ. ಕಾಳಿನ ತಟ್ಟೆಗಳನ್ನು ಬಲೆಯ ಎರಡೂ ಬದಿಯಲ್ಲಿ, ಎದುರುಬದುರಾಗಿ ಇಡಿ. ಅಕ್ಕಪಕ್ಕ ತಿಂದು ರೂಢಿಯಾದರೆ ಹೊಸಬರು ಹೊಸಬರಾಗಿ ಉಳಿಯುವುದಿಲ್ಲ.

ಒಂದು ವಾರ ಹೀಗೇ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ಜಗಳಗಂಟಿ ಹೇಂಟೆ ಯಾವುದು ಎನ್ನುವುದು ಈ ದಿನಗಳಲ್ಲೇ ಗೊತ್ತಾಗಿಬಿಡುತ್ತದೆ. ಬಲೆಯ ಉದ್ದಕ್ಕೂ ಹಿಂದೆಮುಂದೆ ಓಡಾಡುತ್ತ, ಮರಿ ಹತ್ತಿರ ಬಂದಾಗಲೆಲ್ಲ ಬಲೆಗೆ ಕುಕ್ಕುತ್ತಿರುತ್ತದೆ. ಅದು ಬೇಸತ್ತು ಸುಮ್ಮನಾಗುವ ತನಕ ಬಾಗಿಲು ತೆಗೆಯಬೇಡಿ.

ಬಾಗಿಲು ತೆಗೆಯುವ ಮುನ್ನ

ಮರಿ ನುಸುಳಬಲ್ಲ, ದೊಡ್ಡ ಕೋಳಿ ತೂರಲಾಗದ ಕಿಂಡಿಯೊಂದನ್ನು ಬಲೆಗೆ ಮಾಡಿ. ಅಳತೆ ನಿಮ್ಮ ಕೋಳಿಗಳ ಗಾತ್ರದ ಮೇಲೆ ಹೋಗುತ್ತದೆ, ದೊಡ್ಡ ಹೇಂಟೆಯ ಎದೆಯ ಅಗಲವನ್ನೇ ಅಂದಾಜಿಗೆ ಇಟ್ಟುಕೊಳ್ಳಿ. ಮರಿಗಳು ಧೈರ್ಯ ಬಂದಾಗ ಹೊರಗೆ ಬರುತ್ತವೆ, ಹೆದರಿದಾಗ ಒಳಗೆ ಓಡುತ್ತವೆ. ಕಾಳು ನೀರು ಒಳಗೂ ಇರಬೇಕು. ಹೊರಗೂ ಒಂದರ ಬದಲು ಎರಡು ಮೂರು ಕಡೆ ಇಡಿ, ಒಂದು ಕಡೆ ನಿಂತು ಕಾಯುವ ಹೇಂಟೆಗೆ ಇನ್ನೊಂದು ಕಡೆ ಕಾಣದ ಹಾಗೆ. ಹಲಗೆಯೊಂದನ್ನು ಗೋಡೆಗೆ ಓರೆಯಾಗಿ ಒರಗಿಸಿದರೂ ಸಾಕು, ಮರೆಯಾಗುತ್ತದೆ. ಆದರೆ ಒಂದೇ ಬಾಯಿರುವ ಮರೆ ಬೇಡ. ಅಲ್ಲಿ ಹೊಕ್ಕ ಮರಿ ಸಿಕ್ಕಿಬೀಳುತ್ತದೆ. ಎರಡೂ ಕಡೆ ತೆರೆದಿರಬೇಕು.

ಮೇವಿನಲ್ಲಿ ಎಚ್ಚರ ಬೇಕು. ಮೊಟ್ಟೆ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಸುಮಾರು 4% ಇರುತ್ತದೆ. ಬೆಳೆಯುವ ಮರಿಗೆ 1% ಆಸುಪಾಸು ಸಾಕು. ಜಾಸ್ತಿಯಾದರೆ ಮರಿಯ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಯಾರು ಯಾರ ತಟ್ಟೆ ತಿನ್ನುತ್ತಾರೆಂದು ಕಾಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಎಲ್ಲರಿಗೂ ಬೆಳೆಯುವ ಮರಿಯ ಮೇವನ್ನೇ ಹಾಕಿ, ಕ್ಯಾಲ್ಸಿಯಂಗೆಂದು ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆಯಿಡುವ ಹೇಂಟೆಗಳು ಬೇಕಾದಷ್ಟು ತಿನ್ನುತ್ತವೆ, ಮರಿಗಳು ಅದರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ.

ಮೊದಲು ದಿನಕ್ಕೆ ಅರ್ಧ ಗಂಟೆ, ನಿಮ್ಮ ಕಣ್ಣೆದುರೇ ಒಟ್ಟಿಗೆ ಬಿಡಿ. ನೆಲದ ಮೇಲೆ ಅಗಲಕ್ಕೆ ಕಾಳು ಎರಚಿದರೆ ಎಲ್ಲರ ತಲೆಯೂ ಕೆಳಗಿರುತ್ತದೆ. ಆಮೇಲೆ ಹೊತ್ತು ಹೆಚ್ಚಿಸುತ್ತ ಹೋಗಿ. ಕತ್ತಲಾದ ಮೇಲೆ ಮರಿಗಳನ್ನು ಸದ್ದಿಲ್ಲದೆ ಗೂಡಿನಲ್ಲಿ ಕೂರಿಸಿಬಿಡಿ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಕತ್ತಲಲ್ಲಿ ಕೋಳಿಗಳಿಗೆ ಕಣ್ಣು ಕಾಣುವುದು ಕಡಿಮೆ, ರಾತ್ರಿ ಜಗಳ ಆಗುವುದಿಲ್ಲ ನಿಜ. ಬೆಳಗಾದರೆ ಮುಚ್ಚಿದ ಗೂಡಿನೊಳಗೆ ಓಡಲು ಜಾಗವಿಲ್ಲದೆ ಮರಿಗಳು ಸಿಕ್ಕಿಕೊಳ್ಳುತ್ತವೆ. ಹಗಲಿನಲ್ಲಿ ಹೊಂದಿಕೊಂಡ ಮೇಲಷ್ಟೇ ಇದನ್ನು ಮಾಡಿ, ನಸುಕಿನಲ್ಲೇ ಎದ್ದು ಗೂಡಿನ ಬಾಗಿಲು ತೆಗೆಯಿರಿ.

ಇಷ್ಟಾದರೂ ಬಿಡದಿದ್ದರೆ

ಮರಿಯನ್ನು ಎತ್ತಿಕೊಂಡು ಹೋಗುವುದು ನಮ್ಮ ಮೊದಲ ಬುದ್ಧಿ. ಎತ್ತಬೇಕಾದದ್ದು ಹೇಂಟೆಯನ್ನು. ಮರಿಯನ್ನು ತೆಗೆದರೆ ಅದು ಮತ್ತೆ ಹೊಸಬನಾಗಿಯೇ ಬರಬೇಕು. ಹೇಂಟೆಯನ್ನು ಬೇರೆ ಗೂಡಿನಲ್ಲಿ, ಹಿಂಡು ಕಣ್ಣಿಗೆ ಬೀಳದ ಕಡೆ, ಮೂರರಿಂದ ಐದು ದಿನ ಇಡಿ. ಕಾಳು, ನೀರು, ನೆರಳು ಎಲ್ಲ ಇರಲಿ. ಇದು ಶಿಕ್ಷೆ ಅಂದುಕೊಳ್ಳಬೇಡಿ. ಅದಿಲ್ಲದ ಹೊತ್ತಿನಲ್ಲಿ ಹಿಂಡಿನ ಸರದಿ ಹೊಸದಾಗಿ ಕೂತುಕೊಳ್ಳುತ್ತದೆ, ಮರಿಗಳಿಗೂ ಒಂದು ಜಾಗ ಸಿಗುತ್ತದೆ. ತಿರುಗಿ ಬಂದ ಹೇಂಟೆ ಮೊದಲು ತನ್ನ ಜಾಗ ನೋಡಿಕೊಳ್ಳಬೇಕಾಗುತ್ತದೆ.

ಆ ದಿನಗಳಲ್ಲಿ ಹೇಂಟೆಯ ಮೈಯನ್ನೂ ನೋಡಿ. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಹೇನು, ನುಸಿ ಇವೆಯೇ? ಪುಕ್ಕ ಉದುರುವ ಸಮಯವೇ? ಗೂಡು ಇಕ್ಕಟ್ಟಾಗಿದೆಯೇ, ಬಿಸಿಲಿಗೆ ಕಾಯುತ್ತಿದೆಯೇ? ಮೈ ತುರಿಸುವ, ಸೆಕೆಯಲ್ಲಿ ಬೇಯುವ ಕೋಳಿ ಯಾರನ್ನೂ ಸಹಿಸುವುದಿಲ್ಲ. ಕಾವಿಗೆ ಕೂತ ಹೇಂಟೆಯ ಮಾತೇ ಬೇರೆ. ಅದು ಹತ್ತಿರ ಬಂದವರನ್ನೆಲ್ಲ ಕುಕ್ಕುತ್ತದೆ. ತನ್ನ ಮರಿಗಳಿರುವ ತಾಯಿಯಂತೂ ಬೇರೆ ಮರಿಗಳನ್ನು ಕೊಂದೇಬಿಡಬಹುದು. ಅಂಥ ಹೇಂಟೆಗೆ ಬೇರೆ ಜಾಗ ಕೊಡಿ, ತಿದ್ದಲು ಹೋಗಬೇಡಿ.

ರಕ್ತ ಕಂಡರೆ ಒಂದು ನಿಮಿಷವೂ ಕಾಯಬೇಡಿ. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುತ್ತದೆ, ಸಾಧುವಾಗಿದ್ದವೂ ಕುಕ್ಕಲು ಸೇರಿಕೊಳ್ಳುತ್ತವೆ. ಗಾಯಗೊಂಡ ಮರಿಯನ್ನು ಮಾತ್ರ ಆಗ ಹೊರಗೆ ತನ್ನಿ. ಉಗುರುಬೆಚ್ಚನೆ ಉಪ್ಪುನೀರಿನಲ್ಲಿ ಗಾಯ ತೊಳೆಯಿರಿ. ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಗಾಯ ಪೂರ್ತಿ ಮಾಗುವ ತನಕ ಬಲೆಯ ಆಚೆ, ಎಲ್ಲರಿಗೂ ಕಾಣುವ ಹಾಗೆ ಇಡಿ. ಜೊತೆಗೆ ಇನ್ನೊಂದು ಮರಿ ಇರಲಿ.

ಎರಡು ಮೂರು ಸಲ ಬೇರೆ ಇಟ್ಟು ಬಿಟ್ಟರೂ ರಕ್ತ ಬರಿಸುವ ಹೇಂಟೆ ಅಪರೂಪಕ್ಕೆ ಇರುತ್ತದೆ. ಕೊಕ್ಕು ಕತ್ತರಿಸುವ ಯೋಚನೆ ಬೇಡ, ಅಲ್ಲಿ ನರಗಳಿವೆ, ನೋವಾಗುತ್ತದೆ. ಎಳೆ ಮರಿಗಳಿಲ್ಲದ, ದೊಡ್ಡ ಕೋಳಿಗಳೇ ಇರುವ ಬೇರೆ ಹಿಂಡಿಗೆ ಅದನ್ನು ಕೊಟ್ಟುಬಿಡಿ. ಅಲ್ಲಿ ಅದೇ ಹೊಸಬ, ಸರದಿಯ ಕೊನೆಯಿಂದ ಶುರು ಮಾಡಬೇಕು.