ಮೆಕ್ಸಿಕೋ ವಲಸೆಯ ಅಂಕಿಗಳನ್ನು ನಾನು ಓದುವ ಬಗೆ

ಮೆಕ್ಸಿಕೋದಿಂದ ಅಮೆರಿಕಕ್ಕೆ ಹೋದವರ ಲೆಕ್ಕ ಯಾವುದೇ ಕೈಗೆ ಬರಲಿ, ನಾನು ಮೊದಲು ನೋಡುವುದು ಎಣಿಸಿರುವುದು ಏನನ್ನು ಎಂದು: ತಲೆಗಳನ್ನೋ, ಕಾಗದಗಳನ್ನೋ, ಗಡಿಯಲ್ಲಿ ಹಿಡಿದ ಸಲಗಳನ್ನೋ? ಮೆಕ್ಸಿಕೋದ ಕೂಲಿಗಳನ್ನು ಒಪ್ಪಂದದ ಮೇಲೆ ಅಮೆರಿಕಕ್ಕೆ ಕರೆಸಲು 1942ರಿಂದ 1964ರವರೆಗೆ ನಡೆದ ಬ್ರಸೇರೋ ಯೋಜನೆಯ ಸುಮಾರು 46 ಲಕ್ಷ ಎಂಬುದು ಒಪ್ಪಂದಗಳ ಸಂಖ್ಯೆ. ಒಬ್ಬನೇ ಕೂಲಿಯಾಳು ವರ್ಷವರ್ಷವೂ ಸಹಿ ಹಾಕಿ ಹೋಗಿಬರುತ್ತಿದ್ದುದುಂಟು. 2000ದ ಹಣಕಾಸು ವರ್ಷದಲ್ಲಿ ಗಡಿ ಪಡೆ ಮೆಕ್ಸಿಕನ್ನರನ್ನು ಹಿಡಿದದ್ದು 16 ಲಕ್ಷಕ್ಕೂ ಹೆಚ್ಚು ಸಲ. ಮೂರು ಸಲ ಸಿಕ್ಕಿಬಿದ್ದವನು ಅಲ್ಲಿ ಮೂರಾಗಿಯೇ ಸೇರುತ್ತಾನೆ. ಆ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿನದು ಎಂಬುದೂ ನೆನಪಿರಬೇಕು. 2020ರ ಮಾರ್ಚಿನಿಂದ 2023ರ ಮೇವರೆಗೆ ಆರೋಗ್ಯದ ಕಾನೂನು ಮುಂದಿಟ್ಟು ಬಹಳ ಜನರನ್ನು ಕೂಡಲೇ ಹಿಂದಕ್ಕೆ ಅಟ್ಟುತ್ತಿದ್ದರು. ಅವರು ಮತ್ತೆಮತ್ತೆ ಪ್ರಯತ್ನಿಸಿದ್ದರಿಂದ ಆ ಅವಧಿಯ ಲೆಕ್ಕ ಇನ್ನಷ್ಟು ಉಬ್ಬಿದೆ.

ನೆಲೆಸಿದವರ ಸಂಖ್ಯೆ ಬೇಕಾದರೆ ಅಮೆರಿಕದ ಜನಗಣತಿ ಇಲಾಖೆ ವರ್ಷವರ್ಷವೂ ನಡೆಸುವ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೇಯ ದತ್ತಾಂಶವನ್ನು, ಸಂಶೋಧಕರಿಗೆ ಅದನ್ನು ಒದಗಿಸುವ ತಾಣವಾದ ಐಪಮ್ಸ್‌ನಿಂದ ಇಳಿಸಿಕೊಳ್ಳುತ್ತೇನೆ. ಹುಟ್ಟಿದ ಸ್ಥಳದ ಕಲಂನಲ್ಲಿ ಮೆಕ್ಸಿಕೋದ ಸಂಕೇತ 200. ವ್ಯಕ್ತಿಯ ತೂಕ, ಅಂದರೆ ಮಾದರಿಯ ಒಬ್ಬೊಬ್ಬರೂ ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆ ಎಂಬ ಸಂಖ್ಯೆ, ಹಾಕದೆ ಕೂಡಬಾರದು. ‘ಮೆಕ್ಸಿಕನ್ ಮೂಲ’ ಎಂಬ ಕಲಂ ಆರಿಸಿದರೆ ಅಲ್ಲೇ ಹುಟ್ಟಿದ ಮಕ್ಕಳು ಮೊಮ್ಮಕ್ಕಳೂ ಸೇರಿ ಸಂಖ್ಯೆ ಮೂರು ಪಟ್ಟು ದಾಟುತ್ತದೆ. ಬಂದ ವರ್ಷದ ಕಲಂ ಇನ್ನೂ ತೊಡಕಿನದು. ಹಲವು ಸಲ ಬಂದವರು ಕೊನೆಯ ಸಲದ ವರ್ಷವನ್ನೇ ಬರೆಯಬೇಕು. 1982ರಿಂದ ಓಡಾಡಿ 1998ರಲ್ಲಿ ನೆಲೆನಿಂತವನ ಹಿಂದಿನ ಹದಿನಾರು ವರ್ಷ ಅಳಿಸಿಹೋಗುತ್ತದೆ. ಆ ಓಡಾಟ ತಿಳಿಯಲು ಸಂಶೋಧಕರಾದ ಹೋರ್ಹೆ ದುರಾಂದ್ ಮತ್ತು ಡಗ್ಲಸ್ ಮ್ಯಾಸಿ 1982ರಲ್ಲಿ ಆರಂಭಿಸಿದ ಮೆಕ್ಸಿಕನ್ ಮೈಗ್ರೇಷನ್ ಪ್ರಾಜೆಕ್ಟ್ ಬೇಕೇ ಬೇಕು. ಅದು ಸಾಮಾನ್ಯವಾಗಿ ಊರಿಗೆ 200 ಮನೆಗಳಂತೆ ವಿಚಾರಿಸುವ ಸಮೀಕ್ಷೆ. ಮೊದಲ ಮತ್ತು ಕೊನೆಯ ಪ್ರಯಾಣ, ದಾಟಿಸುವ ಕೋಯೋಟೆಗೆ ತೆತ್ತ ಹಣ ಎಲ್ಲವೂ ಸಿಗುತ್ತದೆ. ಮೊದಮೊದಲ ಊರುಗಳು ಪಶ್ಚಿಮ ಮೆಕ್ಸಿಕೋದವೇ ಆದ್ದರಿಂದ ಇಡೀ ದೇಶಕ್ಕೆ ಅದನ್ನು ಹೊಂದಿಸಲಾಗದು.

ಕಾರಣ ಹುಡುಕುವಾಗ ಬಡತನದಿಂದ ಹೊರಟರೆ ದಾರಿ ತಪ್ಪುತ್ತದೆ. ದಕ್ಷಿಣದ ಕಡುಬಡ ರಾಜ್ಯ ಚಿಯಾಪಾಸ್‌ನಿಂದ ಬಹುಕಾಲ ಹೊರಟವರು ಕಡಿಮೆ. ಪಶ್ಚಿಮ ಮತ್ತು ನಡು ಮೆಕ್ಸಿಕೋದ ಹಾಲಿಸ್ಕೋ, ಮಿಚೊಆಕಾನ್, ಗ್ವಾನಾಹ್ವಾತೋ, ಸಕಾತೆಕಾಸ್‌ಗಳಿಂದ ತಲೆಮಾರುಗಟ್ಟಲೆ ಹೋಗಿದ್ದಾರೆ. ಮೆಕ್ಸಿಕೋ ನಗರದಿಂದ ಎಲ್ ಪಾಸೋ ಎದುರಿನ ಗಡಿಗೆ 1884ರಲ್ಲಿ ಮುಗಿದ ರೈಲುದಾರಿ ಈ ಸೀಮೆಯನ್ನು ಹಾದುಹೋಗುತ್ತದೆ. ಆಳು ಹಿಡಿಯುವ ಗುತ್ತಿಗೆದಾರರು ಅದೇ ದಾರಿಯಲ್ಲಿ ಬಂದರು. ಹೋದವರು ತಮ್ಮೂರವರನ್ನು ಕರೆಸಿಕೊಂಡರು.

ಆಮೇಲಿನದೆಲ್ಲ ಕಾನೂನಿನ ಜೊತೆ ಹೆಣೆದುಕೊಂಡಿದೆ. ಅಮೆರಿಕದ ವಲಸೆ ಕಾನೂನಿನ 1976ರ ತಿದ್ದುಪಡಿ ಮೆಕ್ಸಿಕೋಗೆ ವರ್ಷಕ್ಕೆ 20,000 ವೀಸಾಗಳ ಮಿತಿ ಹಾಕಿತು, ಅಮೆರಿಕದ ಪ್ರಜೆಗಳ ಹತ್ತಿರದ ಬಂಧುಗಳಿಗೆ ಮಾತ್ರ ವಿನಾಯಿತಿ. ಹೊಲದ ಕೆಲಸ ಮಾತ್ರ ನಿಲ್ಲಲಿಲ್ಲ, ಜನ ಕಾಗದವಿಲ್ಲದೆ ಹೋದರು. 1993ರಲ್ಲಿ ಎಲ್ ಪಾಸೋ, 1994ರಲ್ಲಿ ಸ್ಯಾನ್ ಡಿಯಾಗೋ ಬಳಿ ಕಾವಲು ಬಿಗಿಯಾದಾಗ ದಾರಿ ಅರಿಜೋನಾದ ಮರುಭೂಮಿಗೆ ತಿರುಗಿ, ಕೋಯೋಟೆಯ ದರ ಏರಿತು, ಸಾವುಗಳೂ ಹೆಚ್ಚಿದವು. ಸುಗ್ಗಿ ಮುಗಿಸಿ ಊರಿಗೆ ಮರಳುತ್ತಿದ್ದವರು ಮತ್ತೆ ದಾಟುವುದಕ್ಕೆ ಹೆದರಿ ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆದ್ದರಿಂದ 1990ರ ದಶಕದ ಏರಿಕೆಯನ್ನು ಓದುವಾಗ 1994ರ ಡಿಸೆಂಬರಿನ ಪೆಸೋ ಕುಸಿತದಷ್ಟೇ ಗಮನವನ್ನು ಮರಳುವವರ ಇಳಿಕೆಗೂ ಕೊಡಿ. ಮರಳುವಿಕೆಯ ಕಲಂ ಇಲ್ಲದ ಕೋಷ್ಟಕವನ್ನು ನಾನು ನಂಬುವುದಿಲ್ಲ.

2007ರ ಸುಮಾರಿಗೆ ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೋ ಹುಟ್ಟಿನವರ ಸಂಖ್ಯೆ 1 ಕೋಟಿ 28 ಲಕ್ಷ ಮುಟ್ಟಿ ಇಳಿಯಿತು. ಅಮೆರಿಕದ ಕಟ್ಟಡ ಕೆಲಸ ನೆಲಕಚ್ಚಿದ್ದು ಒಂದು ಕಾರಣ. ಮೆಕ್ಸಿಕೋದಲ್ಲಿ 1960ರ ದಶಕದಲ್ಲಿ ತಾಯಿಗೆ ಏಳರ ಹತ್ತಿರವಿದ್ದ ಮಕ್ಕಳ ಸರಾಸರಿ ಎರಡು ಚಿಲ್ಲರೆಗೆ ಇಳಿದು, ಹೊರಡುವ ಪ್ರಾಯದವರೇ ಕಡಿಮೆಯಾದದ್ದು ಇನ್ನೊಂದು.

ಯಾವ ಊರಿನವರು ಎಲ್ಲಿಗೆ ಹೋದರು ಎಂಬ ನಕ್ಷೆಗೆ ಮೆಕ್ಸಿಕೋ ದೂತಾವಾಸಗಳು ಕೊಡುವ ಗುರುತಿನ ಚೀಟಿಯ ಲೆಕ್ಕ ಒಳ್ಳೆಯದು; ಮೂಲ ಪುರಸಭೆಯೂ ವಾಸದ ರಾಜ್ಯವೂ ಅದರಲ್ಲಿ ಇರುತ್ತವೆ. ಪುಎಬ್ಲಾದಿಂದ ನ್ಯೂಯಾರ್ಕಿಗೆ ಹೋಗುವ ಎಳೆ ಅಲ್ಲಿ ಸ್ಪಷ್ಟ. ಆದರೆ ಆ ಚೀಟಿ ಮಾಡಿಸುವವರು ಹೆಚ್ಚಾಗಿ ಅಮೆರಿಕದ ಕಾಗದಪತ್ರ ಇಲ್ಲದವರು. ಹಸಿರು ಕಾರ್ಡು ಪಡೆದ ಹಳಬರು ಅದರಲ್ಲಿ ಕಡಿಮೆ ಕಾಣುತ್ತಾರೆ.