ರ್‍ಯಾಲಿ ಜಿಪ್ಸಿಗೆ ಆಯಿಲ್ ಲೈನ್: ಹೋಸ್ ಸೈಜ್ ಹೇಗೆ ಆರಿಸಿದೆ

ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ್‍ಯಾಲಿ ಗಾಡಿ ಹೆಚ್ಚು ಹೊತ್ತು ಎರಡನೇ, ಮೂರನೇ ಗೇರ್‌ನಲ್ಲೇ ಓಡುತ್ತದೆ. ಆರ್‌ಪಿಎಂ ಜಾಸ್ತಿ, ವೇಗ ಕಡಿಮೆ, ಎದುರುಗಾಳಿ ಸಾಲದು. ನಮ್ಮ 1.3 ಲೀಟರ್ ಜಿಪ್ಸಿಯಲ್ಲಿ ಸ್ಟೇಜ್ (ರ್‍ಯಾಲಿಯ ಒಂದು ಹಂತ) ಮುಗಿಯುವ ಹೊತ್ತಿಗೆ ಎಣ್ಣೆ 130 ಡಿಗ್ರಿ ದಾಟುತ್ತಿತ್ತು, ಪ್ರೆಶರ್ ಇಳಿಯುತ್ತಿತ್ತು. ಹಾಗಾಗಿ ಎಂಜಿನ್ ಎಣ್ಣೆಯನ್ನು ಗಾಳಿಯಲ್ಲಿ ತಣಿಸುವ ಆಯಿಲ್ ಕೂಲರ್ ಹಾಕಿದೆ.

ಕೂಲರ್ ತರುವುದು ಸುಲಭ. ತಲೆ ಓಡಿಸಬೇಕಾದದ್ದು ಹೋಸ್ ವಿಷಯದಲ್ಲಿ. ಆಯಿಲ್ ಫಿಲ್ಟರ್‌ಗೂ ಎಂಜಿನ್‌ಗೂ ನಡುವೆ ಸ್ಯಾಂಡ್‌ವಿಚ್ ಪ್ಲೇಟ್ (ಎಣ್ಣೆಯನ್ನು ಹೋಸ್‌ಗಳಿಗೆ ತಿರುಗಿಸುವ ಅಡಾಪ್ಟರ್) ಕೂರಿಸಿದರೆ ಪಂಪ್‌ನಿಂದ ಬಂದ ಎಣ್ಣೆ ಕೂಲರ್ ಸುತ್ತಿಕೊಂಡೇ ಎಂಜಿನ್ ಬೇರಿಂಗ್‌ಗೆ ಹೋಗಬೇಕು. ದಾರಿಯಲ್ಲಿ ಕಳೆದುಹೋದ ಪ್ರೆಶರ್ ಬೇರಿಂಗ್‌ಗೆ ಸಿಗುವುದಿಲ್ಲ.

"8 ನಂಬರ್ ಸಾಕಲ್ವಾ ಸಾರ್?" ಅಂತ ಹೋಸ್ ಅಂಗಡಿಯವರು ಕೇಳಿದರು. ಈ ನಂಬರ್ ಎಎನ್ ಅನ್ನುವ ಹೋಸ್ ಅಳತೆಯದು. ಎಎನ್ ನಂಬರ್ ಅಂದರೆ ಇಂಚಿನ ಹದಿನಾರನೇ ಭಾಗದ ಲೆಕ್ಕ, ಅದೂ ಟ್ಯೂಬಿನ ಹೊರ ಅಳತೆ. ಎಣ್ಣೆ ಹರಿಯುವುದು ಒಳಗೆ ತಾನೆ? ಬ್ರೇಡೆಡ್ ಹೋಸ್‌ನಲ್ಲಿ (ಹೊರಗೆ ಸ್ಟೀಲ್ ತಂತಿ ಹೆಣೆದದ್ದು) 8 ನಂಬರಿಗೆ ಒಳರಂಧ್ರ ಸುಮಾರು 11 ಮಿ.ಮೀ., 10 ನಂಬರಿಗೆ ಸುಮಾರು 14. ಮೂರೇ ಮಿಲಿಮೀಟರ್ ಅನಿಸುತ್ತದೆ. ಆದರೆ ದಪ್ಪ ಎಣ್ಣೆ ನಿಧಾನ ಹರಿಯುವಾಗ ಪ್ರೆಶರ್ ನಷ್ಟ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಅಷ್ಟೇ ಉದ್ದ, ಅಷ್ಟೇ ಹರಿವು ಇದ್ದರೆ 8 ನಂಬರಿನಲ್ಲಿ ನಷ್ಟ ಎರಡೂವರೆ ಪಟ್ಟಿಗೂ ಜಾಸ್ತಿ. ಇಲ್ಲಿನ ಚಳಿಗಾಲದ ಬೆಳಗ್ಗೆ ಎಣ್ಣೆ ಎಷ್ಟು ಗಟ್ಟಿಯಾಗಿರುತ್ತದೆ ಅಂತ ಗೊತ್ತಲ್ಲ? ನಮ್ಮ ಕೂಲರ್ ರೇಡಿಯೇಟರ್ ಮುಂದೆ ಇರುವುದರಿಂದ ಹೋಸ್ ಉದ್ದವೂ ಹೆಚ್ಚು. 10 ನಂಬರೇ ತಗೊಂಡೆ. ತಣ್ಣನೆಯ ಎಣ್ಣೆ ಹೆಚ್ಚಾಗಿ ಕೂಲರ್ ಕಡೆ ಹೋಗದಿರಲಿ ಅಂತ 80 ಡಿಗ್ರಿ ಆಸುಪಾಸಿನಲ್ಲಿ ತೆರೆಯುವ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟನ್ನೇ ಹಾಕಿದೆ.

ಜೆಸಿಬಿ ಹೈಡ್ರಾಲಿಕ್ ಹೋಸ್ ಊರಲ್ಲೇ ಸಿಗುತ್ತದೆ, ಪ್ರೆಶರ್ ಎಷ್ಟು ಬೇಕಾದರೂ ತಡೆಯುತ್ತದೆ. ಆದರೆ ಸಾಮಾನ್ಯ ಹೈಡ್ರಾಲಿಕ್ ಹೋಸ್‌ಗೆ ಮಿತಿ 100 ಡಿಗ್ರಿ. ನಮಗೆ ಅದು ಆಗಲ್ಲ.

ಫಿಟ್ಟಿಂಗ್‌ಗಳನ್ನು ಒಂದೊಂದಾಗಿ ವರ್ನಿಯರ್ ಹಿಡಿದು ಒಳಗೆ ಅಳೆದೆ. ದೊಡ್ಡ ಹೋಸ್ ಹಾಕಿ ಚಿಕ್ಕ ತೂತಿನ ಅಡಾಪ್ಟರ್ ಹಾಕಿದರೆ ಏನು ಪ್ರಯೋಜನ? ಎಲ್ಬೋಗಳಲ್ಲಿ (ತಿರುವಿಗೆ ಹಾಕುವ ಫಿಟ್ಟಿಂಗ್) ಎರಡು ಬಗೆ ಇವೆ. ಎರಡು ಕಡೆಯಿಂದ ಕೊರೆದು ಒಳಗೆ ಚೂಪು ಮೂಲೆ ಬಿಟ್ಟದ್ದು ಒಂದು, ಟ್ಯೂಬನ್ನೇ ಬಗ್ಗಿಸಿದ್ದು ಇನ್ನೊಂದು. ಎರಡನೆಯದಕ್ಕೆ ದುಡ್ಡು ಹೆಚ್ಚು, ಆದರೆ ಎಣ್ಣೆ ಸಲೀಸಾಗಿ ತಿರುಗುತ್ತದೆ. ಅದನ್ನೇ ಹಾಕಿದೆ.

ಹೋಸ್ ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ ಕಟಿಂಗ್ ವೀಲ್‌ನಲ್ಲಿ ಕತ್ತರಿಸಿದೆ. ಆಮೇಲೆ ಒಳಗೆಲ್ಲ ತೊಳೆದು ಗಾಳಿ ಹೊಡೆದೆ, ಏಕೆಂದರೆ ಉಳಿದ ಚೂರು ನೇರ ಬೇರಿಂಗ್ ಕಡೆಗೇ ಹೋಗಬಹುದು. ಸ್ಟೀಲ್ ಬ್ರೇಡ್ ತಾಗಿದ್ದನ್ನೆಲ್ಲ ಗರಗಸದಂತೆ ಕೊಯ್ಯುತ್ತದೆ, ಅದಕ್ಕೇ ಚಾಸಿಗೆ ತಾಗುವಲ್ಲೆಲ್ಲ ರಬ್ಬರ್ ಕ್ಲಾಂಪ್ ಹಾಕಿದೆ. ಎಂಜಿನ್ ಅಲುಗುವುದಕ್ಕೆ ಹೋಸ್ ಸ್ವಲ್ಪ ಸಡಿಲವಿದೆ. ಈ ಎಎನ್ ಫಿಟ್ಟಿಂಗ್‌ಗಳು ಫ್ಲೇರ್ ಬಗೆಯವು, ಇವುಗಳ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬಾರದು. ಸೀಲ್ ಆಗುವುದು 37 ಡಿಗ್ರಿಯ ಕೋನಿನ ಮೇಲೆ, ಥ್ರೆಡ್ ಮೇಲಲ್ಲ.

ಮೊದಲ ಸಲ ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಗಾಡಿಯ ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದು, ಆಯಿಲ್ ಪ್ರೆಶರ್ ಗೇಜ್ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದೆ. ಕೂಲರ್, ಹೋಸ್ ತುಂಬಿದ ಮೇಲೆ ಎಣ್ಣೆ ಮಟ್ಟ ಇಳಿಯುತ್ತದೆ. ಡಿಪ್‌ಸ್ಟಿಕ್ ನೋಡಿ ಎಣ್ಣೆ ಸೇರಿಸಿದೆ. ಮುಳ್ಳಯ್ಯನಗಿರಿ ಕಡೆ ಒಂದು ಸುತ್ತು ಹತ್ತಿಸಿ ಬಂದು ಎಲ್ಲ ಜಾಯಿಂಟ್‌ಗಳನ್ನೂ ಒಣ ಬಟ್ಟೆಯಲ್ಲಿ ಒರೆಸಿ ನೋಡಿದೆ. ಎಲ್ಲೂ ಜಿನುಗಿರಲಿಲ್ಲ. ಎಣ್ಣೆ ಈಗ 110 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ.