ಕಾಲಿನ ನರ ಉಬ್ಬಿದೆಯೇ? ಚಿಕಿತ್ಸೆಗೆ ಮುನ್ನ ಇಷ್ಟು ತಿಳಿದಿರಲಿ

ದಿನವಿಡೀ ನಿಂತು ದುಡಿಯುವ ಹೋಟೆಲ್ ಭಟ್ಟರು, ಟ್ರಾಫಿಕ್ ಪೊಲೀಸರು, ಮೇಷ್ಟ್ರುಗಳನ್ನು ವೆರಿಕೋಸ್ ವೇನ್ಸ್, ಅಂದರೆ ಕಾಲಿನ ನರ (ರಕ್ತನಾಳ) ಉಬ್ಬುವ ಕಾಯಿಲೆ, ಕಾಡುವುದು ಸಾಮಾನ್ಯ. ಮನೆತನದಲ್ಲಿ ಇದ್ದರೆ, ಬಸಿರಾದಾಗ, ತೂಕ ಏರಿದಾಗಲೂ ಬರುತ್ತದೆ. ಕಾಲಿನ ರಕ್ತವನ್ನು ಮೇಲಕ್ಕೊಯ್ಯುವ ನಾಳಗಳೊಳಗೆ ಪುಟ್ಟ ಕವಾಟಗಳಿವೆ. ಅವು ಸರಿಯಾಗಿ ಮುಚ್ಚದಿದ್ದರೆ ಏರಿದ ರಕ್ತ ಮತ್ತೆ ಇಳಿದು ನಿಲ್ಲುತ್ತದೆ, ನಾಳ ಉಬ್ಬಿ ಸುರುಳಿಯಾಗುತ್ತದೆ. ಎಣ್ಣೆ ತಿಕ್ಕಿದರೆ ಕೆಟ್ಟ ಕವಾಟ ಸರಿಹೋಗುವುದಿಲ್ಲ.

ಮೊದಲು ಚರ್ಮ ನೋಡಿಕೊಳ್ಳಿ

ಪಾದದ ಗಂಟಿನ ಒಳಬದಿ ಕಪ್ಪಾಗಿದೆಯೇ? ತುರಿಕೆಯಿದೆಯೇ? ಮುಟ್ಟಿದರೆ ಗಟ್ಟಿಯೇ? ನೋವಿಲ್ಲವೆಂದು ಸುಮ್ಮನಿದ್ದು, ಚರ್ಮರೋಗವೆಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾ ಕೂತರೆ ಅಲ್ಲೇ ಹುಣ್ಣು ಬೀಳಬಹುದು. ಬಿದ್ದಿದ್ದರೆ ಇನ್ನಷ್ಟು ಕಾಯಬೇಡಿ. ಕೆಟ್ಟ ನಾಳಕ್ಕೆ ಬೇಗ ಚಿಕಿತ್ಸೆಯಾದವರ ಹುಣ್ಣು ಬೇಗ ಮಾಯುತ್ತದೆಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿದೆ.

ಡಾಪ್ಲರ್ ಇಲ್ಲದೆ ಚಿಕಿತ್ಸೆಗೆ ಒಪ್ಪಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಡಾಪ್ಲರ್ ಎಂದರೆ ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್. ಕಣ್ಣಿಗೆ ಕಾಣುವ ಗಂಟು ಒಂದು ಕಡೆ, ಕವಾಟ ಕೆಟ್ಟು ರಕ್ತ ಹಿಂದಕ್ಕೆ ಸೋರುವ ಜಾಗ ಇನ್ನೊಂದು ಕಡೆ ಇರಬಹುದು. ಈ ಸ್ಕ್ಯಾನನ್ನು ರೋಗಿಯನ್ನು ನಿಲ್ಲಿಸಿಯೇ ಮಾಡಬೇಕು. ಮಲಗಿದಾಗ ಸೋರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆಯೆಂದು ಲೆಕ್ಕ. ರಿಪೋರ್ಟ್ ಬಂದಾಗ ಸಂಕೋಚಪಡದೆ ಕೇಳಿ: 'ಡಾಕ್ಟ್ರೇ, ಯಾವ ನಾಳ ಸೋರುತ್ತಿದೆ? ಆಳದ ನಾಳದಲ್ಲಿ ಹೆಪ್ಪು ಇಲ್ಲ ತಾನೆ?' ಹಿಂದೆ ಹೆಪ್ಪುಗಟ್ಟಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಆಗಲೇ ಹೇಳಿಬಿಡಿ.

ಯಾವ ಚಿಕಿತ್ಸೆ?

ಲೇಸರ್ ಮತ್ತು ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಸೂಜಿ ತೂತಿನಿಂದ ತೆಳು ನಳಿಕೆ ಇಳಿಸಿ, ಶಾಖದಿಂದ ನಾಳ ಮುಚ್ಚುತ್ತಾರೆ. ಕಾಲಿಗಷ್ಟೇ ಅರಿವಳಿಕೆ ಸಾಕು, ಸಾಮಾನ್ಯವಾಗಿ ಅದೇ ದಿನ ನಡೆದು ಮನೆಗೆ ಹೋಗಬಹುದು. ವೈದ್ಯರಿಗೆ ಚಿಕಿತ್ಸಾ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲಿ ಶಾಖ ಚಿಕಿತ್ಸೆಗೆ ಮೊದಲ ಸ್ಥಾನ, ಆಮೇಲೆ ನೊರೆಯಂಥ ಔಷಧಿ ಚುಚ್ಚಿ ನಾಳ ಮುಚ್ಚುವ ಇಂಜೆಕ್ಷನ್, ಕೊನೆಗೆ ಶಸ್ತ್ರಚಿಕಿತ್ಸೆ. 'ನರ ಮುಚ್ಚಿದರೆ ರಕ್ತ ಹೋಗುವುದೆಲ್ಲಿಂದ?' ಎಂಬ ಭಯ ಸಹಜ. ಕಾಲಿನ ಬಹುಪಾಲು ರಕ್ತ ಹೋಗುವುದು ಆಳದ ನಾಳಗಳಲ್ಲೇ. ಅವು ಚೆನ್ನಾಗಿದ್ದರೆ ಚಿಂತೆಯಿಲ್ಲ. ಬಸುರಿಯರಿಗೆ ಸಾಮಾನ್ಯವಾಗಿ ಹೆರಿಗೆಯಾಗುವವರೆಗೆ ಕಾಯುತ್ತಾರೆ. ಹಲವು ವಿಮೆ ಪಾಲಿಸಿಗಳಲ್ಲಿ ಈ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ, ದಿನ ಗೊತ್ತುಮಾಡುವ ಮುನ್ನ ವಿಚಾರಿಸಿ.

ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಕಾಲು ಊದುವ ಮೊದಲೇ ಹಾಕಿಕೊಳ್ಳಬೇಕು. ಅದು ಭಾರ, ಊತ ಇಳಿಸುತ್ತದೆ, ಕವಾಟ ರಿಪೇರಿ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು ಪಾದದ ನಾಡಿ ಪರೀಕ್ಷಿಸಿಕೊಳ್ಳದೆ ಹಾಕಿಕೊಳ್ಳಬಾರದು. ಪಾದಕ್ಕೆ ರಕ್ತ ತರುವ ನಾಳ ಕಟ್ಟಿದ್ದರೆ ಬಿಗಿತದಿಂದ ಅಪಾಯ.

ಆದ ಮೇಲೆ

ಹಾಸಿಗೆ ಹಿಡಿಯಬೇಡಿ, ಅಂದೇ ನಡೆದಾಡಿ. ಎಳೆತ ಕೆಲವು ವಾರ, ಕಂದು ಕಲೆ ಕೆಲವು ತಿಂಗಳು ಇರಬಹುದು. ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ವರ್ಷಗಳ ನಂತರ ಬೇರೆ ನಾಳ ಉಬ್ಬಬಹುದು. 'ಮತ್ತೆ ಬರಲ್ಲ' ಎಂಬ ಗ್ಯಾರಂಟಿ ನಂಬಬೇಡಿ.

ಚಿಕಿತ್ಸೆಗೆ ಮುನ್ನವೇ ಉಬ್ಬಿದ ನಾಳ ಒಡೆದರೆ ರಕ್ತ ಚಿಮ್ಮುತ್ತದೆ. ಗಾಬರಿಯಲ್ಲಿ ಎದ್ದು ಓಡಾಡಬಾರದು. ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆತ್ತಿ, ಶುದ್ಧ ಬಟ್ಟೆಯಿಂದ ಅದೇ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮೇಲ್ಗಡೆ ದಾರ ಬಿಗಿಯಬೇಡಿ. ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನಿಂತರೂ ಅದೇ ದಿನ ವೈದ್ಯರಿಗೆ ತೋರಿಸಿ.